ಒಡೆದ ಬ್ಯುರೆಟ್

ತೀರಿಕೊಂಡ ರಾಜರತ್ನನ ಪುಣ್ಯಾನುಮೋದನೆ ಮುಗಿದು, ಕಾಖಂಡಕಿಯ ನೆಂಟರೂ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಅವನ ಹೆಂಡತಿ ಆಮ್ರಪಾಲಿಯ ಫೋನು ಟಿಣ್ ಎಂದಿತು. ‘ಪ್ರಿಯ ವಿದ್ಯಾರ್ಥಿ, ಪ್ರಯೋಗದ ವಿಡಿಯೊ ಕಳಿಸಲು ಇಂದೇ ಕೊನೆಯ ದಿನ. ಕಲಿಕೆಯನ್ನು ಆನಂದಿಸಿ!’

ಆನಂದಿಸದೆ ವಿಧಿಯಿರಲಿಲ್ಲ. ಒಣದ್ರಾಕ್ಷಿ ಪರೀಕ್ಷಿಸುವ ಬಬಲೇಶ್ವರದ ಕಂಪನಿಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು, ಬಿ.ಎಸ್ಸಿ. ಮುಗಿದಿರಬೇಕು ಅಷ್ಟೇ. ಮದುವೆಯ ಗಡಿಬಿಡಿಯಲ್ಲಿ ಬಿಟ್ಟುಹೋದ ರಸಾಯನಶಾಸ್ತ್ರದ ಪ್ರಾಯೋಗಿಕವೊಂದು ಬಾಕಿ. ಅದನ್ನು ಆನ್‌ಲೈನಿನಲ್ಲೇ ಮಾಡಬಹುದೆಂದು ವಿಶ್ವವಿದ್ಯಾಲಯ ಹೇಳಿದ ಮೇಲೆ ರಾಜರತ್ನ ತಿಂಗಳುಗಟ್ಟಲೆ ಕೋರ್ಸು ಹುಡುಕಿದ್ದ. ಒಂದಕ್ಕೆ ಅವನ ಅರ್ಧ ವರ್ಷದ ಪಗಾರ ಬೇಕಿತ್ತು. ಇನ್ನೊಂದು ಅಗ್ಗ, ಆದರೆ ಪರದೆಯನ್ನು ಬೆರಳಿನಿಂದ ಒತ್ತಿದರೆ ಚಿತ್ರದ ಆಸಿಡ್ಡು ಚಿತ್ರದ ಫ್ಲಾಸ್ಕಿಗೆ ಬೀಳುತ್ತಿತ್ತು, ಅದು ವಿಶ್ವವಿದ್ಯಾಲಯಕ್ಕೆ ನಡೆಯದು. ಕೊನೆಗೆ ಅಗ್ಗವೂ ಮಾನ್ಯವೂ ಆದದ್ದೊಂದು ಸಿಕ್ಕಿತು. ಅಗ್ಗವೇಕೆಂದು ಫೀ ಕಟ್ಟಿದ ಮೇಲೆ ತಿಳಿಯಿತು: ಉಪಕರಣಗಳನ್ನು ವಿದ್ಯಾರ್ಥಿಯೇ ಹೊಂದಿಸಿಕೊಳ್ಳಬೇಕು.

ರಾಜರತ್ನ ವಿಜಯಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದ. ಒಂದು ಸಂಜೆ ಬ್ಯುರೆಟ್ಟನ್ನು, ಗೆರೆ ಕೊರೆದ ಆ ಉದ್ದ ಗಾಜಿನ ನಳಿಗೆಯನ್ನು, ಛತ್ರಿಯ ಚೀಲದಲ್ಲಿಟ್ಟು ತಂದ. “ಕದ್ದಿಲ್ಲ, ಕೇಳಿ ತಂದೀನಿ,” ಎಂದಿದ್ದ. ಪ್ರಯೋಗದ ಉದ್ದಕ್ಕೂ ಪಕ್ಕದಲ್ಲಿ ಸಹಾಯಕರೊಬ್ಬರು ಇರಬೇಕೆಂಬ ನಿಯಮಕ್ಕೆ ತನ್ನದೇ ಹೆಸರು ತುಂಬಿದ್ದ. ಈಗ ಹೆಸರು ಬದಲಿಸಲು ಅವಕಾಶವಿರಲಿಲ್ಲ.

ಅವನ ಜಾಗದಲ್ಲಿ ಅತ್ತೆ ಹನಮವ್ವ ನಿಂತಳು.

“ನಾ ಏನ ಮಾಡ್ಬೇಕ ಬೇ?”

“ಸುಮ್ನ ನಿಂದರ್ರಿ ಅತ್ತಿ. ನಡುವ ವಿಡಿಯೊ ನಿಲ್ಲಸಾಕ ಬರೂದಿಲ್ಲ.”

ಕಿಟಕಿಯ ಸರಳಿಗೆ ಕಟ್ಟಿದ ಬ್ಯುರೆಟ್ಟಿನಿಂದ ಆಸಿಡ್ಡು ಹನಿಯತೊಡಗಿತು.

“ದವಾಖಾನ್ಯಾಗ ಅವಗೂ ಹಿಂಗ ಸಲಾಯಿನ್...” ಹನಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮ್ರಪಾಲಿ ಗೆರೆ ಓದಿದಳು. ವಿಡಿಯೊ ನಿಲ್ಲಲಿಲ್ಲ.

ಕೆಳಗಿನ ಫ್ಲಾಸ್ಕಿನಲ್ಲಿದ್ದದ್ದು, ಹನಮವ್ವ ಕೂಲಿಗೆ ಹೋಗುವ ತಿಕೋಟಾದ ಶೆಡ್ಡಿನಲ್ಲಿ ಒಣಗಿಸುವ ಮೊದಲು ದ್ರಾಕ್ಷಿಗೆ ಬಳಸುವ ಕ್ಷಾರದ ನೀರು; ಅದು ಎಷ್ಟು ಗಟ್ಟಿಯೆಂದು ಅಳೆಯುವುದೇ ಪ್ರಯೋಗ. ಚೆಂಬಿನಲ್ಲಿ ಉಳಿದ ಆ ನೀರಿಗೆ ಹನಮವ್ವ ಬೆರಳದ್ದಿ ತಿಕ್ಕಿ ನೋಡಿದಳು. “ಇದು ತಿಳು ಆಗೇತಿ. ಇದ್ರಾಗ ಅದ್ದಿದ್ರ ಹಣ್ಣ ಲಗೂ ಒಣಗೂದಿಲ್ಲ.”

“ಮುಟ್ಟಬಾರದ್ರಿ!”

ಬಣ್ಣದ ಸೂಚಕ ಹಾಕಿದ್ದ ಫ್ಲಾಸ್ಕಿನ ಹಳದಿ ನೀರು ಕೆಂಪಿಗೆ ತಿರುಗಿತು. ಮೂರು ಸಲ ಮಾಡಿ, ಒಂದು ಪುಟ ಲೆಕ್ಕ ಬಿಡಿಸಿದಾಗ ಉತ್ತರವೂ ಅದೇ ಬಂತು: ತೆಳು.

“ಇಷ್ಟಕ್ಕ ನಿಂಗ ಡಿಗ್ರಿ ಕೊಡ್ತಾರ?”

“ಹೌದ್ರಿ.”

“ನಂಗ ಶೆಡ್ಡಿನ್ಯಾಗ ಚಾ ಸೈತ ಕೊಡೂದಿಲ್ಲ ನೋಡು.”

ಮೂರನೆಯ ದಿನ ಪ್ರಮಾಣಪತ್ರ ಬಂತು. ‘ಉತ್ತೀರ್ಣ. ಸುರಕ್ಷತೆ: ಅತ್ಯುತ್ತಮ. ಸಹಾಯಕ ರಾಜರತ್ನ: ಪೂರ್ಣ ಅವಧಿ ಹಾಜರು.’

ಆಮ್ರಪಾಲಿ ಅದೇ ಛತ್ರಿಯ ಚೀಲ ಹಿಡಿದು ವಿಜಯಪುರಕ್ಕೆ ಹೋದಳು. ಪ್ರಯೋಗಾಲಯ ನೋಡಿಕೊಳ್ಳುವ ಅಂಬಾದಾಸ ಸರ್ ಬ್ಯುರೆಟ್ಟನ್ನು ಕಂಡು ದಾಖಲೆ ಪುಸ್ತಕ ತೆರೆದರು.

“ಹೊರಗ ಕೊಡಾಕ ರೂಲ್ ಇಲ್ಲ ತಂಗಿ. ಅದಕ್ಕ ಒಡದೈತಿ ಅಂತ ಬರದು ರಾಜರತ್ನಗ ಕೊಟ್ಟಿದ್ದೆ. ಒಡದದ್ದನ್ನ ಈಗ ಹ್ಯಾಂಗ ತಿರುಗಿ ತಗೊಳ್ಲಿ?”

ಅವಳು ಫೋನಿನಲ್ಲಿ ಪ್ರಮಾಣಪತ್ರ ತೆರೆದು ಚಾಚಿದಳು. “ಇದ್ರಾಗ ಅವರು ಹಾಜರ್ ಅದಾರ್ರಿ ಸರ್.”

ಅಂಬಾದಾಸರು ಎರಡು ಸಲ ಓದಿದರು. ಪುಸ್ತಕದಲ್ಲಿ ಏನೂ ಬರೆಯದೆ ಪೆನ್ನಿನ ಮುಚ್ಚಳ ಹಾಕಿ, ಸ್ಟ್ಯಾಂಡಿನ ಕಡೆ ಕೈ ತೋರಿಸಿದರು.

ಆಮ್ರಪಾಲಿ ನಳದ ಕೆಳಗೆ ಬ್ಯುರೆಟ್ಟು ತೊಳೆದಳು. ಸಾಲಾಗಿ ತಲೆಕೆಳಗು ನಿಂತಿದ್ದ ಬ್ಯುರೆಟ್ಟುಗಳ ನಡುವೆ ಒಂದೇ ಒಂದು ಕ್ಲಾಂಪು ಖಾಲಿಯಿತ್ತು. ಅದರಲ್ಲಿ ಸಿಕ್ಕಿಸಿ, ತಿರುಪು ಬಿಗಿ ಮಾಡಿದಳು.