ತವರಿಗೆ ಹೊರಟ ರೋಲರ್

ಬಸುರಿ ಹೆಣ್ಣುಮಗಳನ್ನು ತವರಿಗೆ ಕಳಿಸಲು ದಾರಿಗಳಿಗೇನು ಬರ? ಎತ್ತಿನ ಗಾಡಿ ಇದೆ, ಬಸ್ಸಿದೆ, ಉಳ್ಳವರಿಗೆ ಜೀಪೂ ಇದೆ. ಹೆಂಡತಿಯನ್ನು ರಸ್ತೆ ಒತ್ತುವ ರೋಲರಿನ ಹಿಂದೆ ಕೂರಿಸಿಕೊಂಡು ತವರಿಗೆ ಹೊರಟವನು ಮಾತ್ರ ಝಳಕಿಯ ರೋಲರ್ ಡ್ರೈವರ್ ಯಾಕೂಬಸಾಬನೊಬ್ಬನೇ.

ನಗುವವರು ನಗಲಿ. ಅವನ ಸಂಕಟ ಅವನಿಗೆ ಗೊತ್ತಿತ್ತು. ಹೋದ ವರ್ಷ ಮುಮ್ತಾಜ ಐದು ತಿಂಗಳ ಬಸುರಿ ಇದ್ದಾಗ, ತವರೂರು ಮುದ್ದೇಬಿಹಾಳದಲ್ಲಿ ತಮ್ಮನ ಮದುವೆಯೆಂದು ಗಂಡನ ಜೊತೆ ಬಸ್ಸು ಹತ್ತಿದ್ದಳು. ಆಗಿನ ಬಸ್ಸು, ಆಗಿನ ರಸ್ತೆ, ಕೇಳಬೇಕೆ! ಸಿಂದಗಿ ಮುಟ್ಟುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಬಾಗಿದ್ದಳು. ಮರುದಿನ ಬಸಿರು ಇಳಿದುಹೋಯಿತು. ಅವಳ ತಾಯಿ ಖಾತುನಬಿ ಅಳಿಯನನ್ನು ಎದುರಿಗೆ ನಿಲ್ಲಿಸಿಕೊಂಡು ಆಣೆ ಮಾಡಿದ್ದಳು.

"ನನ್ನ ಮಗಳು ಇನ್ನೊಮ್ಮೆ ಬಸರಾಗಿ ಬಸ್ ಹತ್ತಿದ್ಲಂದ್ರ ನಾ ಸತ್ತೇನಿ ಅಂತ ತಿಳ್ಕೋರಿ. ಹೆಂಗರ ಕರ್ಕೊಂಡ ಬರ್ರಿ, ಕೂಸು ಮಾತ್ರ ನನ್ನ ಮನ್ಯಾಗ ಆಗಬೇಕು."

ಈ ವರ್ಷ, ಅಂದರೆ ಅರವತ್ತೊಂದನೆಯ ಇಸವಿಯಲ್ಲಿ, ಮುಮ್ತಾಜ ಮತ್ತೆ ಬಸುರಾದಳು. ಏಳನೆಯ ತಿಂಗಳಿಗೇ ತವರಿಗೆ ಒಯ್ಯಬೇಕು, ಒಯ್ಯುವುದು ಹೇಗೆ? ಎತ್ತಿನ ಗಾಡಿಯೂ ಕುಲುಕುವುದೇ. ಯಾಕೂಬಸಾಬ ತಲೆ ಕೆರೆದುಕೊಳ್ಳುತ್ತಿದ್ದಂತೆಯೇ ಎಂಟು ತಿಂಗಳು ತುಂಬಿತು. ಅಷ್ಟರಲ್ಲಿ ಮೇಲಿನಿಂದ ಒಂದು ಕಾಗದ ಬಂತು. ಝಳಕಿಯ ರಸ್ತೆ ಕೆಲಸ ಮುಗಿದದ್ದರಿಂದ ರೋಲರನ್ನು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಮೇಲೆ ಮುದ್ದೇಬಿಹಾಳಕ್ಕೆ ಒಯ್ಯತಕ್ಕದ್ದು, ಬಾಗೇವಾಡಿಯ ಆಚೆಗಿನ ರಸ್ತೆಯನ್ನು ಒತ್ತಿ ಗಟ್ಟಿ ಮಾಡತಕ್ಕದ್ದು. ಯಾಕೂಬಸಾಬ ಆ ಕಾಗದವನ್ನು ಕಣ್ಣಿಗೊತ್ತಿಕೊಂಡ. ದೇವರೇ ಟಪಾಲು ಹಾಕಿದ್ದಾನೆ ಅನ್ನಿಸಿತು ಅವನಿಗೆ.

ರೋಲರ್ ಹಳೆಯ ಕಾಲದ್ದು, ನೀರು ಕಾಯಿಸಿದ ಉಗಿಯಿಂದ ನಡೆಯುವಂಥದ್ದು. ಕೋಲೂರಿದ ಮುದುಕನೂ ಅದರ ಜೊತೆಗೇ ಮಾತಾಡುತ್ತ ನಡೆಯಬಹುದು, ಅಷ್ಟು ಅದರ ಓಟ. ಹಿಂದೆ ಕಟ್ಟಿದ್ದು ತಗಡಿನ ಒಂದು ಗಾಲಿಮನೆ, ಡ್ರೈವರ್ ದಾರಿಯಲ್ಲಿ ಉಳಿಯಲೆಂದು ಸರ್ಕಾರ ಕೊಟ್ಟದ್ದು. ಯಾಕೂಬಸಾಬ ಅದರಲ್ಲಿ ಮೊಳದೆತ್ತರ ಹುಲ್ಲು ಹಾಸಿ, ಮೇಲೆ ನಾಲ್ಕು ಕೌದಿ ಹಾಸಿದ. ದಿನಕ್ಕೆ ಒಂಬತ್ತು ಮೈಲಿಯೆಂದರೆ ಹನ್ನೆರಡು ದಿನ. ಹೆರಿಗೆಗೆ ಇನ್ನೂ ಒಂದು ತಿಂಗಳು.

"ರೋಲರ್ ಕುಲುಕೂದಿಲ್ಲ ನೋಡು," ಎಂದ ಹೆಂಡತಿಗೆ. "ಅದು ಹಾದ ಮ್ಯಾಲೆ ಕುಲುಕೂ ರಸ್ತಾನ ಉಳಿಯೂದಿಲ್ಲ."

ರೋಲರಿಗೆ ಬೆಂಕಿ ಹಾಕುವ ಆಳು ಅಮಸಿದ್ದ. ನಲವತ್ತು ದಾಟಿದವನು, ನಾಲ್ಕು ಮಕ್ಕಳ ತಂದೆ. ಅವನು ಸಲಿಕೆ ಹಿಡಿದು ನಿಂತವನು ಒಂದೇ ಮಾತು ಹೇಳಿದ. "ಯಾಕೂಬಣ್ಣಾ, ಕೂಸಿಗೆ ಕ್ಯಾಲೆಂಡರ್ ಓದಾಕ ಬರೂದಿಲ್ಲ." ಯಾಕೂಬಸಾಬ ನಕ್ಕುಬಿಟ್ಟ.

ಮೊದಲ ದಿನವೇ ಮುಮ್ತಾಜಳ ಮುಖ ಅರಳಿತು. ಝಳಕಿಯಲ್ಲಿ ಅವಳು ಕಂಡದ್ದು ಒಂದು ಓಣಿ, ಒಂದು ಬಾವಿ. ಈಗ ಗಾಲಿಮನೆಯ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತರೆ ಲೋಕವೆಲ್ಲ ಅವಳ ಮುಂದೆ ಸರಿಯುತ್ತಿತ್ತು, ಅದೂ ಅವಸರವಿಲ್ಲದೆ. ಬಸ್ಸಿನಲ್ಲಿ ಹೋದರೆ ಗಿಡ ಕಾಣುತ್ತದೆ. ರೋಲರಿನಲ್ಲಿ ಹೋದರೆ ಗಿಡದ ಮೇಲಿನ ಗೂಡು, ಗೂಡಿನೊಳಗಿನ ಮರಿ, ಮರಿಗೆ ತಾಯಿ ತಂದ ಹುಳ ಎಲ್ಲ ಕಾಣುತ್ತದೆ. ಬಾವಿಗೆ ಹೊರಟ ಹೆಂಗಸರು ಮಾತಾಡಿಸಿದರೆ ಮಾತು ಮುಗಿಯುವವರೆಗೂ ಗಾಡಿ ಅವರ ಪಕ್ಕದಲ್ಲೇ ಇರುತ್ತಿತ್ತು.

"ಎಷ್ಟರಾಗ ಬಿದ್ದೈತಿ, ತಂಗಿ?"

"ಒಂಬತ್ತರಾಗ್ರೀ."

"ಅಯ್ಯ ನಮ್ಮವ್ವ! ಇದ್ರಾಗ ಹೊಂಟೀಯಾ?" ಎಂದು ಬಾಯಿಮೇಲೆ ಕೈಯಿಟ್ಟುಕೊಂಡವರೇ ಮತ್ತೆ ಮನೆಗೆ ಓಡಿ, ಮಾವಿನಕಾಯಿಯನ್ನೋ ಶೇಂಗಾ ಹಿಂಡಿಯನ್ನೋ ತಂದು ಅವಳ ಉಡಿಗೆ ಹಾಕುತ್ತಿದ್ದರು. ಹಾಗೆ ಓಡಿಹೋಗಿ ಬಂದರೂ ಗಾಡಿ ಕೈಗೆ ಸಿಗುತ್ತಿತ್ತು!

ಇಂಡಿಯಲ್ಲಿ ಜನ ತಮ್ಮ ಊರಿನ ನಿಂಬೆಹಣ್ಣು ತಂದು ರೋಲರ್ ಮುಂದೆ ಇಟ್ಟರು. ಅಂಥ ಗಾಲಿ ಹಾದ ನಿಂಬೆಹಣ್ಣಿನಲ್ಲಿ ಯಾರ ಕೆಟ್ಟ ದೃಷ್ಟಿ ತಾನೇ ಉಳಿದೀತು? ಮುಮ್ತಾಜ ತಾನೂ ಒಂದು ಕೇಳಿ ಇಸಿದುಕೊಂಡು, ಹೊಟ್ಟೆಗೆ ಮುಟ್ಟಿಸಿ, ಗಂಡನ ಕೈಗೆ ಕೊಟ್ಟಳು. ಯಾಕೂಬಸಾಬ ಅದನ್ನು ರಸ್ತೆಯ ನಡುವೆ ಇಟ್ಟು, ಗಾಡಿಯನ್ನು ಮುಂದೆ ಒಮ್ಮೆ ಹಿಂದೆ ಒಮ್ಮೆ, ಎರಡು ಸಲ ಹಾಯಿಸಿದ. ಸರ್ಕಾರದ ಇದ್ದಿಲು ಸುಟ್ಟರೂ ಚಿಂತೆಯಿಲ್ಲ, ದೃಷ್ಟಿ ಉಳಿಯಬಾರದು.

ಸಂಜೆಗೆ ಯಾವುದಾದರೂ ಬಾವಿಯ ಹತ್ತಿರ ನಿಂತರೆ ಅಮಸಿದ್ದ ಸಲಿಕೆಯ ಮೇಲೆ ಬದನೆಕಾಯಿ ಇಟ್ಟು ಬೆಂಕಿಗೆ ಹಿಡಿಯುತ್ತಿದ್ದ. ಅವನ ರೊಟ್ಟಿ, ಸುಟ್ಟ ಬದನೆಕಾಯಿಗೆ ಮುಮ್ತಾಜ ಕಲಸಿದ ಖಾರ. ಆ ಸುಖ ಯಾವ ನವಾಬನಿಗೂ ಸಿಕ್ಕಿರಲಿಕ್ಕಿಲ್ಲ. ಒಂದು ವರ್ಷದಿಂದ ಹೆಂಡತಿ ಬಾಯಿಬಿಟ್ಟು ನಕ್ಕದ್ದನ್ನು ಯಾಕೂಬಸಾಬ ಕೇಳಿರಲಿಲ್ಲ. ಈಗ ಗಾಡಿಯ ಗಡಗಡದ ನಡುವೆಯೂ ಆ ನಗು ಕೇಳುತ್ತಿತ್ತು. ಈ ದಾರಿ ಮುಗಿಯದಿದ್ದರೇ ಚೆಂದ ಎಂದು ಅವನ ಮನಸ್ಸಿಗೆ ಒಮ್ಮೆ ಬಂತು. ಬರಬಾರದಿತ್ತು.

ಸಿಂದಗಿಯಲ್ಲಿ ಓವರಸಿಯರ್ ಸಾಹೇಬರು ಅಡ್ಡ ನಿಂತರು. ಯಾರೋ ದೊಡ್ಡವರು ಬರುವವರಿದ್ದಾರಂತೆ, ಊರೊಳಗಿನ ರಸ್ತೆ ಒತ್ತಬೇಕಂತೆ. ಎಂಟು ದಿನ ಇಲ್ಲೇ ಇರತಕ್ಕದ್ದು.

"ಸಾಹೇಬ್ರ, ನನಗ ಮುದ್ದೇಬಿಹಾಳಕ್ಕ ಲಗೂನ ಹೋಗೂದೈತ್ರಿ."

"ಯಾಕ? ಅಲ್ಲೇನು ಬೆಂಕಿ ಹತ್ತೈತೇನು?"

ಯಾಕೂಬಸಾಬ ಲೆಕ್ಕ ಹಾಕಿದ. ಹೆಂಡತಿ ಗಾಲಿಮನೆಯಲ್ಲಿದ್ದಾಳೆ ಎಂದರೆ, ಸರ್ಕಾರದ ಗಾಡಿಯೇನು ನಿನ್ನ ಮಾವನದೇ ಎಂದಾರು. ನೌಕರಿಗೇ ಕುತ್ತು ಬಂದೀತು. "ಆತ್ರಿ ಸಾಹೇಬ್ರ," ಎಂದು ಗಾಡಿ ತಿರುಗಿಸಿದ. ಎಂಟು ದಿನವೆಂದದ್ದು ಹನ್ನೊಂದಾಯಿತು. ದೊಡ್ಡವರು ಬರಲೇ ಇಲ್ಲ. ನುಣ್ಣಗಾದ ರಸ್ತೆಯ ಮೇಲೆ ಎಮ್ಮೆಗಳು ಮಲಗಿದವು. ಯಾಕೂಬಸಾಬ ಹಗಲೆಲ್ಲ ಅದೇ ಅರ್ಧ ಮೈಲಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುತ್ತ ಬೆರಳು ಎಣಿಸಿದ. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಇವನಿಗೆ ದಿನ ಕಳೆಯುವುದು ಕಣ್ಣಾರೆ ಕಾಣುತ್ತಿತ್ತು.

ಬಾಗೇವಾಡಿ ಮುಟ್ಟಿದಾಗ ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಶುರುವಾಗಿತ್ತು. ಮುಮ್ತಾಜಳ ಕಾಲು ಬಾತಿದ್ದವು, ಹಿಂಬಾಗಿಲಲ್ಲಿ ಕೂರುವುದನ್ನು ಬಿಟ್ಟು ಹುಲ್ಲಿನ ಮೇಲೆ ಒರಗಿಯೇ ಇರುತ್ತಿದ್ದಳು.

"ತಂಗೀನ್ನ ಇಲ್ಲೇ ಬಿಡೂಣು," ಎಂದ ಅಮಸಿದ್ದ. "ನಮ್ಮ ಬೀಗರ ಮನಿ ಐತಿ. ಸೂಲಗಿತ್ತಿನೂ ಅದಾಳ. ಮುಂದಿನ ರಸ್ತಾ ನಿನಗ ಗೊತ್ತೈತಿಲ್ಲೋ?"

ಯಾಕೂಬಸಾಬನಿಗೆ ಗೊತ್ತಿತ್ತು. ಅದು ಅವನು ಇನ್ನೂ ಒತ್ತದ ರಸ್ತೆ. ಅದನ್ನು ಒತ್ತಲೆಂದೇ ಅವನು ಹೊರಟದ್ದು. ಅವನು ಹೆಂಡತಿಯ ಮುಖ ನೋಡಿದ.

"ಮೂರ ದಿನದ ದಾರಿ ಉಳದೈತ್ರಿ," ಎಂದಳು ಮುಮ್ತಾಜ. "ಅವ್ವ ಬಾಗಲದಾಗ ನಿಂತಿರತಾಳ. ಇಷ್ಟ ದೂರ ಬಂದು ಮಂದಿ ಮನ್ಯಾಗ ಹಡೀಲೇನು?"

ಯಾಕೂಬಸಾಬ ಗಾಡಿ ಹತ್ತಿದ. ಅಮಸಿದ್ದ ಬೆಂಕಿಗೆ ಇದ್ದಿಲು ಹಾಕಿದ.

ಎರಡನೆಯ ದಿನ ಮಧ್ಯಾಹ್ನ ಒಂದು ಹಳ್ಳದ ದಂಡೆಗೆ ಬಂದರು. ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ನೀರು ಇಳಿಯುವವರೆಗೆ ಬದಿಗೆ ನಿಲ್ಲೋಣವೆಂದು ಗಾಡಿ ಹೊರಳಿಸಿದ್ದೇ ತಪ್ಪಾಯಿತು. ಎರೆಮಣ್ಣು ಬಾಯಿ ತೆರೆದು ಹಿಂದಿನ ಗಾಲಿಯನ್ನು ಅರ್ಧ ನುಂಗಿತು. ಉಗಿ ಏರಿಸಿದಷ್ಟೂ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು. ಊರೂರ ರಸ್ತೆಗಳನ್ನು ನೆಲಕ್ಕೆ ಒತ್ತಿದ ಗಾಡಿಯನ್ನು ಈಗ ನೆಲವೇ ಹಿಡಿದುಕೊಂಡಿತ್ತು.

ಅಷ್ಟರಲ್ಲಿ ಗಾಲಿಮನೆಯೊಳಗಿಂದ ಮುಮ್ತಾಜ ಕೂಗಿದಳು. ಯಾಕೂಬಸಾಬ ಓಡಿಹೋಗಿ ನೋಡಿದ. ಅವಳ ಮುಖ ಕಂಡೊಡನೆ, ಕ್ಯಾಲೆಂಡರಿನಲ್ಲಿ ಇನ್ನೂ ದಿನಗಳಿವೆ ಎಂಬ ಮಾತು ಅವನ ಬಾಯಲ್ಲೇ ಸತ್ತಿತು.

"ನಾ ಮ್ಯಾಲಿನ ದಾರೀಲೆ ಹಳ್ಳ ದಾಟಿ ಮುದ್ದೇಬಿಹಾಳಕ್ಕ ಹೋಗಿ ನಿಮ್ಮ ಅತ್ತೀನ್ನ ಕರಕೊಂಬರ್ತೇನಿ," ಎಂದು ಅಮಸಿದ್ದ ಧೋತರ ಮೇಲಕ್ಕೆ ಕಟ್ಟಿ ಹೊರಟ. ಹದಿನೈದು ಮೈಲಿ. ಬಸ್ಸೂ ಬರುವಂತಿಲ್ಲ, ಹಳ್ಳ ಬಿಡುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಒಂದು ಮನೆಯೂ ಇಲ್ಲ.

"ಒಳಗ ಬರಬ್ಯಾಡ್ರಿ," ಎಂದಳು ಮುಮ್ತಾಜ ಹಲ್ಲು ಕಚ್ಚಿ. "ಯಾರರ ಹೆಣಮಕ್ಕಳನ್ನ ಕರೀರಿ."

ಯಾರನ್ನು ಕರೆಯುವುದು? ಹೇಗೆ ಕರೆಯುವುದು? ಯಾಕೂಬಸಾಬ ಗಾಡಿ ಹತ್ತಿ ಸೀಟಿಯ ಸರಪಳಿ ಹಿಡಿದು ಜಗ್ಗಿದ. ಊರ ದನ ಬೆದರಿಸಲಿಕ್ಕೆಂದು ಇದ್ದ ಸೀಟಿ ಅದು. ಆ ಬಯಲಿನಲ್ಲಿ ಅದು ಎದೆ ಒಡೆದುಕೊಂಡು ಅತ್ತಿತು. ಬೆಂಕಿಗೆ ಇದ್ದಿಲು ಹಾಕುವುದು, ಸರಪಳಿ ಜಗ್ಗುವುದು, ಮತ್ತೆ ಇದ್ದಿಲು, ಮತ್ತೆ ಸರಪಳಿ. ಯಾ ಅಲ್ಲಾ, ಯಾರಾದರೂ ಬರಲಿ.

ಒಂದು ತಾಸಿನ ಮೇಲೆ ದಿಬ್ಬದಾಚೆಯಿಂದ ಮೂವರು ಹೆಂಗಸರು ಮಳೆಯಲ್ಲಿ ಕಂಬಳಿ ಹೊದ್ದು ಓಡಿಬಂದರು. ಕುರಿ ತರುಬಿಕೊಂಡು ಬಯಲಲ್ಲಿ ಇಳಿದುಕೊಂಡಿದ್ದ ಕುರುಬರ ಹೆಂಗಸರು. ಮುಂದಿದ್ದವಳು ತಿಪ್ಪವ್ವ, ಅರವತ್ತರ ಮುದುಕಿ.

"ಏನಾಗೇತೋ ಯಪ್ಪಾ? ನಮ್ಮ ಕುರಿ ಎಲ್ಲಾ ದಿಕ್ಕಾಪಾಲಾದುವು!" ಎಂದು ಬೈಯುತ್ತ ಬಂದವಳು ಗಾಲಿಮನೆಯಿಂದ ಬಂದ ನರಳಾಟ ಕೇಳಿ ಕಂಬಳಿ ಒಗೆದು ಒಳಗೆ ಹೋದಳು. ಮರುಕ್ಷಣ ತಲೆ ಹೊರಗೆ ಹಾಕಿದಳು. "ಬಿಸಿನೀರು!"

ಬಿಸಿನೀರು! ಗಾಡಿಯ ಹೊಟ್ಟೆ ತುಂಬ ಅದೇ ಇತ್ತಲ್ಲ! ಯಾಕೂಬಸಾಬ ಎರಡು ಕೊಡ ಹಿಡಿದು ಕೊಟ್ಟ. ಕೈ ಸುಟ್ಟದ್ದೂ ತಿಳಿಯಲಿಲ್ಲ. ಆ ದಿನ ಅವನಿಂದ ಆದ ಉಪಕಾರವೆಂದರೆ ಅದೊಂದೇ. ಆಮೇಲೆ ಬಾಗಿಲು ಮುಚ್ಚಿತು. ಗಂಡಸಿಗೆ ಮಾಡಲಿಕ್ಕೆ ಏನೂ ಉಳಿಯಲಿಲ್ಲ.

ಒಳಗಿನಿಂದ ಮುಮ್ತಾಜಳ ಕೂಗು ಏರಿತು. ಹೋದ ವರ್ಷ ಸಿಂದಗಿಯ ಬಸ್ ನಿಲ್ದಾಣದಲ್ಲಿ ಕೇಳಿದ ಕೂಗೂ ಅದೇ. ಯಾಕೂಬಸಾಬ ಮತ್ತೆ ಸರಪಳಿ ಹಿಡಿದ. ಈಗ ಯಾರನ್ನೂ ಕರೆಯುವುದಿರಲಿಲ್ಲ, ಬರುವವರು ಬಂದಾಗಿತ್ತು. ಅವನು ಜಗ್ಗಿದ್ದು ಆ ಕೂಗು ತನಗೆ ಕೇಳದಿರಲೆಂದು. ಇದನ್ನು ಅವನು ಮುಂದೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಕಣ್ಣು ಮುಚ್ಚಿ, ಜೋತುಬಿದ್ದು, ಉಗಿ ಇರುವಷ್ಟು ಹೊತ್ತೂ ಜಗ್ಗಿದ.

ಬೆನ್ನಿಗೆ ದಪ್ಪನೆ ಒಂದು ಎರೆಮಣ್ಣಿನ ಹೆಂಟೆ ಬಿತ್ತು.

"ಏ ಹುಚ್ಚಪ್ಪಾ, ಒದರಸೂದು ನಿಂದರಸೋ!" ತಿಪ್ಪವ್ವ ಕೆಳಗೆ ನಿಂತಿದ್ದಳು. "ಕೂಸು ಹುಟ್ಟಿ ಎಷ್ಟ ಹೊತ್ತಾತು! ಅತ್ತು ಅತ್ತು ಅದಕ್ಕೂ ಸಾಕಾತು. ಹೆಣ್ಣ ಕೂಸು. ತಾಯಿನೂ ಚಲೋ ಅದಾಳ."

ಸೀಟಿ ತಾನಾಗಿಯೇ ಸಣ್ಣಗಾಗಿ ನಿಂತಿತು, ಉಗಿ ಮುಗಿದಿತ್ತು. ಯಾಕೂಬಸಾಬ ಕೆಳಗಿಳಿದವನು ಗಾಲಿಮನೆಯ ಮೆಟ್ಟಿಲ ಹತ್ತಿರ ಕೆಸರಿನಲ್ಲೇ ಕೂತ. ಸಂತೋಷದ ಹಿಂದೆಯೇ ಇನ್ನೊಂದು ಯೋಚನೆ ಬಂದು ಎದೆಗೆ ಒದ್ದಿತ್ತು. ಹುಟ್ಟಿದ ಕೂಸಿನ ಕಿವಿಗೆ ಮೊದಲು ಬೀಳಬೇಕಾದ್ದು ಬಾಂಗು, ಮಸೀದಿಯಿಂದ ನಮಾಜಿಗೆ ಕರೆಯುವ ಕೂಗು. ಅದನ್ನು ತಂದೆ ಬಲಗಿವಿಯಲ್ಲಿ ಹೇಳಬೇಕು.

"ಸೀಟಿ ಕೇಳಿಸಿದೆನಲ್ಲ, ಮುಮ್ತಾಜ," ಎಂದು ಅವನು ಅತ್ತುಬಿಟ್ಟ. "ಅಲ್ಲಾಹನ ಹೆಸರು ಕೇಳಸೂಕಿಂತ ಮೊದಲ ಈ ಹಾಳ ಗಾಡಿ ಸೀಟಿ ಕೇಳಿಸಿದೆ."

ಒಳಗಿನಿಂದ ಬಂದ ಮುಮ್ತಾಜಳ ದನಿ ಬಳಲಿತ್ತು. "ಬಾಂಗು ಅಂದ್ರ ಕರಿಯೂದ ಅಲ್ಲೇನ್ರಿ? ಮಧ್ಯಾನದಿಂದ ಕರದೀರಿ. ಇವರೂ ಬಂದ್ರು, ಅದೂ ಬಂತು. ಈಗ ಬಾಯೀಲೆ ಹೇಳ್ರಿ, ಕೇಳತೈತಿ."

ತಿಪ್ಪವ್ವ ಕೂಸನ್ನು ಕಂಬಳಿಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಯಾಕೂಬಸಾಬ ಪಡುವಣಕ್ಕೆ ಮುಖ ಮಾಡಿ ಬಾಂಗು ಹೇಳಿದ. ದನಿ ಪಿಸುಮಾತಿನಷ್ಟೇ ಬಂತು. ಇಪ್ಪತ್ತೆರಡು ದಿನಗಳಲ್ಲಿ ಗಾಡಿಯ ಸದ್ದಿಲ್ಲದೆ ಅವನಾಡಿದ ಮೆಲ್ಲನೆಯ ಮಾತು ಅದೊಂದೇ.

ಮರುದಿನ ಹೊತ್ತೇರುವಾಗ ಆಚೆಯ ದಂಡೆಯಲ್ಲಿ ಅಮಸಿದ್ದ ಕಾಣಿಸಿಕೊಂಡ. ಜೊತೆಗೆ, ಮೊಣಕಾಲವರೆಗೆ ಕೆಸರು ಮೆತ್ತಿದ ಖಾತುನಬಿ. ಸಂಜೆಯಿಂದ ಮಳೆ ಹೊಡೆದು ಹಳ್ಳ ಇನ್ನಷ್ಟು ಉಬ್ಬಿತ್ತು. ಮೇಲಿನ ದಾರಿಯೂ ಮುಳುಗಿತ್ತು. ಅಮಸಿದ್ದ ಕೈಯಾಡಿಸಿ ಇಲ್ಲವೆಂದ. ಮಗಳಿಗೂ ತಾಯಿಗೂ ನಡುವೆ ಹತ್ತು ಮಾರು ನೀರು. ಹನ್ನೆರಡು ವರ್ಷ ಮಂದಿಗೆ ರಸ್ತೆ ಮಾಡಿಕೊಟ್ಟ ಯಾಕೂಬಸಾಬನಿಗೆ ಆ ಹತ್ತು ಮಾರಿಗೆ ದಾರಿ ಮಾಡಲು ಬರಲಿಲ್ಲ. ಅವನು ತಣ್ಣಗಾದ ರೋಲರಿನ ಮೇಲೆ ಹತ್ತಿ, ಕೂಸನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ಅಷ್ಟೇ ಅವನಿಂದಾದದ್ದು. ಖಾತುನಬಿ ಹಣೆಗೆ ಕೈಯಿಟ್ಟು ನೋಡಿದಳು. ನೀರಿನ ಅಂಚಿಗೆ ಬಂದಳು, ಹಿಂದೆ ಸರಿದಳು, ಮತ್ತೆ ಬಂದಳು.

ಮುಮ್ತಾಜ ತಿಪ್ಪವ್ವನ ಹೆಗಲು ಹಿಡಿದು ಹಿಂಬಾಗಿಲಿಗೆ ಬಂದು, ಮೊದಲ ದಿನ ಕೂತಂತೆಯೇ ಕಾಲು ಇಳಿಬಿಟ್ಟು ಕೂತಳು. ತಾಯಿಯನ್ನು ಕಂಡು ಅತ್ತಳು, ಅಳುತ್ತಲೇ ನಕ್ಕಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಇದ್ದಬದ್ದ ಬಲವೆಲ್ಲ ಸೇರಿಸಿ ಕೂಗಿದಳು.

"ಅವ್ವಾ! ನಾ ಬಸ್ ಹತ್ತಿಲ್ಲ! ಬಸ್ ಹತ್ತಿಲ್ಲವ್ವಾ!"

ಹಳ್ಳದ ಸದ್ದಿಗೆ ಏನೂ ಕೇಳದ ಖಾತುನಬಿ ಆ ದಂಡೆಯಲ್ಲಿ ಕಿವಿಗೆ ಕೈಯಿಟ್ಟು, "ಏನಂದೀ?" ಎಂದು ಕೇಳುತ್ತಲೇ ಇದ್ದಳು.