ಚೆಂಡು ಕೊಟ್ಟವನು

ಮೂರನೇ ನಂಬರಿನ ಚೀಟಿಯನ್ನು ಫರ್ಗಸ್ ಬೇನ್ ಸಮಾಧಿಯ ಗುಂಡಿಯ ಅಂಚಿನಲ್ಲೇ ಇಶ್‌ಬೆಲ್‌ಳ ಕೈಗೆ ವಾಪಸು ತುರುಕಿದ.

"ಮಂಡಿ ಆಪರೇಷನ್ ಆಗಿದೆ, ಇಶ್‌ಬೆಲ್. ಈ ಒದ್ದೆ ಹುಲ್ಲಲ್ಲಿ ಜಾರಿದ್ರೆ ನನ್ನ ಕತೆ ಮುಗೀತು. ಬೇರೆ ಯಾರಿಗಾದ್ರೂ ಕೊಡು."

ಶವಪೆಟ್ಟಿಗೆ ಇಳಿಸಲು ಎಂಟು ಹಗ್ಗ, ಎಂಟು ಜನ, ಒಬ್ಬೊಬ್ಬರಿಗೂ ಹಗ್ಗದ ನಂಬರಿನ ಒಂದು ಚೀಟಿ. ಯಾರಿಗೆ ಯಾವುದೆಂದು ಅವಳ ಗಂಡ ವಾಟಿ ಮೆಲ್ಡ್ರಮ್ ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆಸಿದ್ದ. ಮೂರನೆಯದು ಫರ್ಗಸ್‌ಗೆ ಎಂದು ಎರಡೆರಡು ಸಲ ಹೇಳಿದ್ದ. ಪಾದ್ರಿ ಆಗಲೇ ಪುಸ್ತಕ ತೆರೆದು ನಿಂತಿದ್ದರು. ಇಶ್‌ಬೆಲ್ ಯಾರನ್ನೂ ಕರೆಯಲಿಲ್ಲ. ಕೈಚೀಲವನ್ನು ನಾದಿನಿಗೆ ಕೊಟ್ಟು, ಗಂಡಸರ ನಡುವೆ ಹೋಗಿ ನಿಂತು ತಾನೇ ಹಗ್ಗ ಹಿಡಿದಳು. ಎಣಿಸಿದ್ದಕ್ಕಿಂತ ಭಾರವಿತ್ತು. ಅಂಗೈ ಉರಿದರೂ ಬಿಡಲಿಲ್ಲ.

*

ಐವತ್ತು ವರ್ಷದ ಹಿಂದೆ ವಾಟಿ ವಾರವಿಡೀ ಊರವರ ನಲ್ಲಿ, ಪೈಪು ರಿಪೇರಿ ಮಾಡಿ, ಮಂಗಳವಾರ, ಗುರುವಾರ ಸಂಜೆ ಅಭ್ಯಾಸಕ್ಕೆ ಹೋಗಿ, ಶನಿವಾರ ಊರ ಕ್ಲಬ್ಬಿನ ಪರವಾಗಿ ಫುಟ್‌ಬಾಲ್ ಆಡುತ್ತಿದ್ದ. ಕೆಳಗಿನ ದರ್ಜೆಯ ಲೀಗು. ಮೈದಾನದ ನಡುವೆ ನಿಂತು, ಎದುರಾಳಿಯ ಕಾಲಿಂದ ಚೆಂಡು ಕಿತ್ತು ಮುಂದಿನವರಿಗೆ ಕೊಡುವುದು ಅವನ ಕೆಲಸ.

ಫೆಬ್ರವರಿಯ ಒಂದು ಶನಿವಾರ ದೊಡ್ಡ ಕ್ಲಬ್ಬಿನಿಂದ ಒಬ್ಬರು ಅವನನ್ನೇ ನೋಡಲು ಬಂದರು. ಆಟ ಮುಗಿಯಲು ಎರಡು ನಿಮಿಷವಿದ್ದಾಗ ವಾಟಿ ಇಬ್ಬರನ್ನು ದಾಟಿ ನುಗ್ಗಿದ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಆಟ ನೋಡುತ್ತ ಕೂತಿದ್ದ ಇಶ್‌ಬೆಲ್ ಎದ್ದು ನಿಂತಳು. ವಾಟಿ ಚೆಂಡನ್ನು ಎಡಕ್ಕೆ ತಳ್ಳಿದ, ಅದೇ ತಂಡದ ಫರ್ಗಸ್ ಒದ್ದ, ಗೋಲಾಯಿತು. ಬಂದವರು ಫರ್ಗಸ್‌ನನ್ನು ಆರಿಸಿಕೊಂಡು ಹೋದರು.

"ನೀನೇ ಒದೀಬಹುದಿತ್ತಲ್ಲ?" ಎಂದು ಅವಳು ಕೇಳಿದಳು.

"ಅವನು ಖಾಲಿ ಜಾಗದಲ್ಲಿದ್ದ ಕಣೇ. ಇನ್ನೇನು ಮಾಡ್ಲಿ?"

ಮುಂದೆ ಸಿಟ್ಟಿನಲ್ಲಿ, ತಮಾಷೆಯಲ್ಲಿ, ಕೊನೆಗೆ ಆಸ್ಪತ್ರೆಯಲ್ಲೂ ಅವಳು ಅದನ್ನೇ ಕೇಳಿದಳು. ಅವನ ಉತ್ತರ ಬದಲಾಗಲಿಲ್ಲ. ಇನ್ನೂ ಹದಿಮೂರು ವರ್ಷ ಅಲ್ಲೇ ಆಡಿದ. ಅವನನ್ನು ನೋಡಲೆಂದು ಮತ್ತೆ ಯಾರೂ ಬರಲಿಲ್ಲ.

*

ಮಣ್ಣಾದ ಮೇಲೆ ಹೋಟೆಲಿನಲ್ಲಿ ಊಟಕ್ಕೆ ಕೂತವರೆಲ್ಲ ಫರ್ಗಸ್‌ನ ಸುತ್ತ ಸೇರಿದ್ದರು. ಒಬ್ಬಿಬ್ಬರು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಆ ಗೋಲಿನ ಕತೆ ಹೇಳು ಎಂದು ಯಾರೋ ಕೇಳಿದರು. ಅವನು ಉಪ್ಪಿನ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿದ, ಮೆಣಸಿನ ಡಬ್ಬಿಯನ್ನು ತಾನು ಮಾಡಿಕೊಂಡ, ಸಕ್ಕರೆಯ ಗಟ್ಟಿಯೊಂದನ್ನು ಚೆಂಡು ಮಾಡಿದ.

ಎದುರಿಗೆ ಕೂತಿದ್ದ ಇಶ್‌ಬೆಲ್ ಕೇಳಿದಳು, "ವಾಟಿ ಎಲ್ಲಿ?"

ಫರ್ಗಸ್ ಮೇಜಿನ ಮೇಲೆ ಕಣ್ಣಾಡಿಸಿದ. "ಅವನೂ ಅಲ್ಲೇ ಎಲ್ಲೋ ಇದ್ದ."

"ಎಲ್ಲೋ ಅಲ್ಲ. ಇಲ್ಲಿದ್ದ." ಅವಳು ತನ್ನ ಚಹಾದ ಕಪ್ಪನ್ನು ಮೇಜಿನ ನಟ್ಟನಡುವೆ ಇಟ್ಟಳು. "ಈಗ ಹೇಳು."

ಫರ್ಗಸ್ ಸಕ್ಕರೆಯ ಗಟ್ಟಿಯನ್ನು ಎತ್ತಿ ಕಪ್ಪಿನ ಪಕ್ಕ ಇಟ್ಟ. ಅದರ ಮೇಲಿಂದ ಬೆರಳು ತೆಗೆಯದೆ ಕೂತ. ಏನೋ ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಮಾಂಸದ ಬಿಸಿ ಪೈಗಳ ತಟ್ಟೆ ಹಿಡಿದು ಬಂದ ಪರಿಚಾರಿಕೆ, "ಕುಡಿದಾಯ್ತಾ ಅಮ್ಮ?" ಎನ್ನುತ್ತ ಉತ್ತರಕ್ಕೂ ಕಾಯದೆ ಕಪ್ಪನ್ನು ಎಂಜಲು ತಟ್ಟೆಗಳ ಮೇಲೆ ಪೇರಿಸಿದಳು. ಬಿಳಿ ಮೇಜುಬಟ್ಟೆಯ ಮೇಲೆ ಚಹಾದ ಕಂದು ಉಂಗುರವೊಂದು ಮೂಡಿತ್ತು. ಪರಿಚಾರಿಕೆ ಫರ್ಗಸ್‌ನ ಪೈ ತಟ್ಟೆಯನ್ನು ಸರಿಯಾಗಿ ಅದರ ಮೇಲೇ ಇಟ್ಟಳು.