ಇಲ್ಲದ್ದನ್ನು ಕೇಳಿ ಬಂದವರು

ದೀಪಾವಳಿ ವ್ಯಾಪಾರದ ಹೊತ್ತಿಗೇ ಚಿನ್ನತಾಯಿಯ ವೆಬ್‌ಸೈಟ್ ಕೈಕೊಟ್ಟಿತ್ತು. ಗಿರಾಕಿಗಳು ವಾಟ್ಸಾಪಿನಲ್ಲಿ ಉಳಿಸಿಕೊಂಡಿದ್ದ ಹಳೆಯ ಲಿಂಕ್ ಒತ್ತಿದರೆ ನೂಲಿನ ಸೀರೆಗಳ ಬದಲು ಬರೀ ಬಿಳಿ ಪುಟ. ತಾನೇ ಒತ್ತಿ ನೋಡಿದಳು. ಮೇಲಿನ ವಿಳಾಸದಲ್ಲಿ ವಾರಗಿತ್ತಿ ಬೆಳ್ಳಿಯಮ್ಮನ ಅಂಗಡಿಯ ಹೆಸರು ಒಮ್ಮೆ ಮಿಂಚಿ ಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು.

ಹೋದ ವರ್ಷ ಮನೆ ಪಾಲಾದಾಗ ರೇಷ್ಮೆ ಬೆಳ್ಳಿಯಮ್ಮನಿಗೆ, ನೂಲು ಚಿನ್ನತಾಯಿಗೆ ಎಂದಾಗಿತ್ತು. ಅಂದಿನಿಂದ ಮಾತಿಲ್ಲ. ಆದರೂ ತಮಿಳುನಾಡಿನ ಅವಿನಾಶಿಯಲ್ಲಿ, ಕನ್ನಡ ಮಾತಾಡುವ ಆ ನೇಕಾರರ ಬೀದಿಯಲ್ಲಿ ಒಂದು ಪದ್ಧತಿಯುಂಟು: ತನ್ನಲ್ಲಿಲ್ಲದ್ದನ್ನು ಕೇಳಿ ಬಂದವರಿಗೆ, ಅದು ಇರುವ ಮನೆಯ ಬಾಗಿಲು ತೋರಿಸಬೇಕು. ಜಗಳವಿದ್ದರೂ ಚಿನ್ನತಾಯಿ ಅದನ್ನು ಬಿಟ್ಟಿರಲಿಲ್ಲ. ಇವತ್ತು ಬಿಟ್ಟಳು. ಅನ್ನೂರಿನಿಂದ ಬಂದ ಹೆಂಗಸೊಬ್ಬಳು ರೇಷ್ಮೆ ಸೀರೆ ಕೇಳಿದಾಗ, ಈ ಬೀದಿಯಲ್ಲಿ ಅದನ್ನು ಯಾರೂ ನೆಯ್ಯುವುದಿಲ್ಲ ಎಂದು ಮುಖ ತಿರುಗಿಸಿದಳು. ಹೊಟ್ಟೆ ತಣ್ಣಗಾಯಿತು.

"ನಿನ್ ದೊಡ್ಡಮ್ಮನ ಮಗ ವಿಮಲ್ ಕಂಪ್ಯೂಟರ್ ಓದಿದೋನು. ಅವನೇ ನಮ್ ಗಿರಾಕಿನೆಲ್ಲ ಅತ್ತ ತಿರುಗ್ಸವ್ನೆ," ಎಂದು ಚಿನ್ನತಾಯಿ ಮಗಳು ಧರಣಿಗೆ ಹೇಳಿದಳು. ವೆಬ್‌ಸೈಟ್ ನೋಡಿಕೊಳ್ಳುವವಳು ಧರಣಿಯೇ.

ಧರಣಿ ಲ್ಯಾಪ್‌ಟಾಪ್ ಮುಂದೆ ಬಹಳ ಹೊತ್ತು ಕೂತು, ಆಮೇಲೆ ಮುಖ ಸಣ್ಣದು ಮಾಡಿಕೊಂಡಳು.

"ತಪ್ಪು ನಂದೇಮ್ಮಾ. ನಮ್ಮಲ್ಲಿಲ್ಲದ್ದನ್ನ ಕೇಳಿದೋರ್ನ ದೊಡ್ಡಮ್ಮನ ಅಂಗಡಿಗೆ ಕಳಿಸು ಅಂತ ನೀನೇ ಅಂದಿದ್ದೆ. ಹಂಗೇ ರೀಡೈರೆಕ್ಟ್ ಹಾಕಿದ್ದೆ. ಹೋದ ವಾರ ಪುಟಗಳ ವಿಳಾಸವೆಲ್ಲ ಬದ್ಲಾಯ್ಸಿದೆ. ಈಗ ಹಳೇ ವಿಳಾಸ ಯಾವ್ದು ಕೇಳಿದ್ರೂ, ಇಲ್ಲ ಅಂತ ಅಲ್ಲಿಗೆ ಕಳಿಸ್ತದೆ."

"ಸರಿ, ಅಲ್ಲಾದ್ರೂ ತೆರೀಬೇಕಲ್ಲ?"

"ಅವ್ರಲ್ಲೂ ಅದಿಲ್ಲ. ಅವ್ರಲ್ಲಿ ಇಲ್ಲದ್ದು ಏನು ಕೇಳಿದ್ರೂ ಇಲ್ಲಿಗೇ ಬರ್ತದೆ. ವಿಮಲಣ್ಣನೂ ಹಂಗೇ ಹಾಕವ್ನೆ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸುತ್ತಿ ಸುತ್ತಿ ಫೋನೇ ಸಾಕಾಗಿ ಬಿಟ್ಟುಬಿಡ್ತದೆ."

"ಅವಳು ನಮ್ಗೆ ಕಳಿಸ್ತಾಳಾ? ಚುಮ್ಮಾ ಸುಳ್ಳು ಹೇಳ್ಬೇಡ." ಇದರಲ್ಲೂ ಏನೋ ಮಸಲತ್ತಿದೆ ಎಂದೇ ಚಿನ್ನತಾಯಿಯ ಎಣಿಕೆ.

ಧರಣಿ ಹಳೆಯ ವಿಳಾಸಗಳನ್ನು ಒಂದೊಂದಾಗಿ ಅವುಗಳ ಹೊಸ ಪುಟಕ್ಕೆ ಜೋಡಿಸಿದಳು. ಲಿಂಕ್ ಒತ್ತಿದರೆ ಈಗ ಸೀರೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತರು. ಅನ್ನೂರಿನ ಅದೇ ಹೆಂಗಸು, ಕೈಯಲ್ಲಿ ಬೆಳ್ಳಿಯಮ್ಮನ ಅಂಗಡಿಯ ಚೀಲ.

"ಅತ್ತೆಗೊಂದು ನೂಲಿನ ಸೀರೆ ಬೇಕಿತ್ತು," ಎಂದಳು ತಮಿಳಿನಲ್ಲಿ. "ನಮ್ಮಲ್ಲಿಲ್ಲ, ತಂಗಿ ಮನೆಗೆ ಹೋಗಿ ಅಂತ ಆ ಅಮ್ಮ ಬೀದಿಗೆ ಬಂದು ನಿಮ್ಮ ಬಾಗಿಲು ತೋರಿಸಿದರು. ಬೆಳಿಗ್ಗೆ ಇಲ್ಲಿಗೆ ಬಂದಿದ್ದೆ ಅಂತ ನಾನು ಹೇಳಲಿಲ್ಲ."

ಚಿನ್ನತಾಯಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸೀರೆ ತರುತ್ತೇನೆಂದು ಒಳಗೆ ಹೋದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ.